ಸದನದಲ್ಲಿ ಕೈ ಕೈ ಮಿಲಾಯಿಸುವ ಮೊದಲು, ಆಮೇಲೆ: ಪೀಠದಲ್ಲಿ ಕೂರುವವರಿಗೊಂದು ಕೈಪಿಡಿ

ಜನಪ್ರತಿನಿಧಿಗಳು ಹೊಡೆದಾಡಿದ ವಿಡಿಯೊಗಳನ್ನು ಒಮ್ಮೆ ಧ್ವನಿ ಬಂದ್ ಮಾಡಿ ನೋಡಿ. ಯಾವ ದೇಶದ್ದೇ ಆಗಲಿ, ಜನ ನುಗ್ಗುವುದು ಹೆಚ್ಚಾಗಿ ನಾಲ್ಕೇ ಕಡೆಗೆ: ಅಧ್ಯಕ್ಷರ ಪೀಠ, ಮೈಕು, ಮಂಡಿಸಬೇಕಾದ ಕಾಗದ, ಬಾಗಿಲು. ಬರೀ ಸಿಟ್ಟೇ ಕಾರಣವಾಗಿದ್ದರೆ ಹೊಡೆತ ಎಲ್ಲಿ ಬೇಕಾದರೂ ಬೀಳಬೇಕಿತ್ತು. ಈ ನಾಲ್ಕು ಜಾಗಗಳಲ್ಲೇ ಬೀಳುವುದಕ್ಕೆ ಕಾರಣವಿದೆ. ಪೀಠ ಖಾಲಿಯಿದ್ದರೆ ಸಭೆ ಇಲ್ಲ, ಮೈಕು ಇಲ್ಲದಿದ್ದರೆ ಮಂಡನೆ ಇಲ್ಲ, ಕಾಗದ ಹರಿದರೆ ಠರಾವಿಲ್ಲ, ಸದಸ್ಯ ಒಳಗೆ ಬರದಿದ್ದರೆ ಮತ ಇಲ್ಲ. ಒಂದು ನಿರ್ಧಾರವನ್ನು ತಡೆಯಲಿಕ್ಕೋ, ತರಾತುರಿಯಲ್ಲಿ ಮುಗಿಸಲಿಕ್ಕೋ ನಡೆಯುವ ಜಗಳ ಇದು. ಹೀಗಾಗಿ ಇದನ್ನು ಮೊದಲೇ ಊಹಿಸಬಹುದು, ಊಹಿಸಿದ್ದನ್ನು ಬಹುಮಟ್ಟಿಗೆ ತಪ್ಪಿಸಲೂಬಹುದು.

ಬೆಳಗಾವಿ, ವಿಜಯಪುರದ ಪಾಲಿಕೆಗಳಲ್ಲಿ ಮೇಯರ್ ಆಗುವವರು, ಬಾಗಲಕೋಟೆಯ ನಗರಸಭೆ, ಸುತ್ತಲಿನ ಪುರಸಭೆ, ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು, ಅವರ ಪಕ್ಕ ಕೂತು ನಡಾವಳಿ ಬರೆಯುವ ಕಾರ್ಯದರ್ಶಿಗಳು, ಕಾಲೇಜಿನ ಯುವ ಸಂಸತ್ತಿನಲ್ಲಿ ಸ್ಪೀಕರ್ ಪಾತ್ರ ವಹಿಸುವ ವಿದ್ಯಾರ್ಥಿಗಳು ಇದನ್ನು ಓದಲಿ. ಉದಾಹರಣೆಗಳು ಹೆಚ್ಚಾಗಿ ದೊಡ್ಡ ಸದನಗಳವು, ಏಕೆಂದರೆ ಅಲ್ಲಿ ಏನಾಯಿತೆಂಬುದು ದಾಖಲಾಗಿದೆ. ಪಾಠ ಮಾತ್ರ 35 ಜನರ ಸಭೆಗೂ ಅಷ್ಟೇ ಅನ್ವಯಿಸುತ್ತದೆ.

ನಾಲ್ಕು ಜಾಗ, ನಾಲ್ಕು ಘಟನೆ

ಪೀಠದಿಂದ ಶುರು ಮಾಡೋಣ. 2020ರ ಡಿಸೆಂಬರ್ 15ರಂದು ಬೆಂಗಳೂರಿನ ವಿಧಾನ ಪರಿಷತ್ತಿನಲ್ಲಿ ಉಪಸಭಾಪತಿ ಎಸ್.ಎಲ್. ಧರ್ಮೇಗೌಡರನ್ನು ಪೀಠದಿಂದ ಎಳೆದು ಕೆಳಗಿಳಿಸಿದರು. ಆ ದಿನದ ಜಗಳದ ಬೇರು ಒಂದೇ ಪ್ರಶ್ನೆಯಲ್ಲಿತ್ತು: ಸಭಾಪತಿಯ ವಿರುದ್ಧವೇ ಅವಿಶ್ವಾಸದ ಸೂಚನೆ ಇರುವಾಗ ಪೀಠದಲ್ಲಿ ಯಾರು ಕೂರಬೇಕು? ಸಂವಿಧಾನದ 185ನೇ ವಿಧಿಯ ಪ್ರಕಾರ ಸಭಾಪತಿಯನ್ನು ತೆಗೆಯುವ ನಿರ್ಣಯ ಸದನದ ಪರಿಶೀಲನೆಯಲ್ಲಿರುವಾಗ ಅವರು ಅಧ್ಯಕ್ಷತೆ ವಹಿಸುವಂತಿಲ್ಲ. ಅಂಥ ನಿರ್ಣಯಕ್ಕೆ 14 ದಿನಗಳ ನೋಟಿಸು ಬೇಕೆಂದು 183ನೇ ವಿಧಿ ಹೇಳುತ್ತದೆ. ನೋಟಿಸು ಕ್ರಮಬದ್ಧವೇ, ನಿರ್ಣಯ ಪರಿಶೀಲನೆಗೆ ಬಂದಿದೆಯೇ ಎಂಬುದು ಇತ್ಯರ್ಥವಾಗುವ ಮೊದಲೇ ಸದನದ ಗಂಟೆ ಬಾರಿಸಿತು. ಗಂಟೆ ಬಾರಿಸುತ್ತಿರುವಾಗಲೇ ಒಬ್ಬರು ಪೀಠದಲ್ಲಿ ಕೂತರು, ಇನ್ನೊಂದು ಪಕ್ಷದವರು ಎಬ್ಬಿಸಲು ಹೋದರು. ಹಿಂದಿನ ರಾತ್ರಿಯೇ ಬರಹದಲ್ಲಿ ತೀರ್ಮಾನವಾಗಬೇಕಿದ್ದ ವಿಷಯ ಬೆಳಿಗ್ಗೆ ಮೈಕೈ ಬಲದಿಂದ ತೀರ್ಮಾನವಾಗುವ ಹಂತಕ್ಕೆ ಬಂತು.

ಮೈಕಿನ ಕಥೆ ಉತ್ತರ ಪ್ರದೇಶದ್ದು. 1997ರ ಅಕ್ಟೋಬರ್ 21ರಂದು ಕಲ್ಯಾಣ್ ಸಿಂಗ್ ವಿಶ್ವಾಸಮತ ಯಾಚಿಸುವಾಗ ಶಾಸಕರು ಮೇಜಿನ ಮೈಕುಗಳನ್ನು ಕಿತ್ತು ಒಬ್ಬರ ಮೇಲೊಬ್ಬರು ಎಸೆದರು. ಕಬ್ಬಿಣದ ಕಾಲಿರುವ ಮೈಕು ತಲೆಗೆ ಬಿದ್ದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಕಾಗದಕ್ಕೆ ತೈವಾನ್ ನೋಡಿ. 2024ರ ಮೇ 17ರಂದು ಅಲ್ಲಿನ ಸಂಸತ್ತಿನಲ್ಲಿ ಸದನದ ಅಧಿಕಾರ ಹೆಚ್ಚಿಸುವ ಮಸೂದೆಯ ಮೇಲೆ ಗದ್ದಲವೆದ್ದಾಗ ಸದಸ್ಯರೊಬ್ಬರು ದಾಖಲೆಗಳನ್ನು ಕಸಿದುಕೊಂಡು ಸಭಾಂಗಣದಿಂದ ಹೊರಗೆ ಓಡಿದರು. ಕೇರಳದಲ್ಲಿ 2015ರ ಮಾರ್ಚ್ 13ರಂದು ಹಣಕಾಸು ಸಚಿವ ಕೆ.ಎಂ. ಮಾಣಿ ಬಜೆಟ್ ಓದದಂತೆ ತಡೆಯುವ ಯತ್ನದಲ್ಲಿ ಸ್ಪೀಕರ್ ಕುರ್ಚಿಯನ್ನೇ ವೇದಿಕೆಯಿಂದ ಕೆಳಗೆಸೆದರು. ಕಂಪ್ಯೂಟರ್, ಮೈಕು, ತುರ್ತು ದೀಪ, ಎಲೆಕ್ಟ್ರಾನಿಕ್ ಪ್ಯಾನೆಲ್ ಎಲ್ಲ ಪುಡಿಯಾದವು.

ಬಾಗಿಲಿನದು ನಮ್ಮ ಸೀಮೆಗೆ ಹತ್ತಿರದ್ದು. 2020ರ ನವೆಂಬರಿನಲ್ಲಿ ಬಾಗಲಕೋಟೆ ಜಿಲ್ಲೆಯ ಮಹಾಲಿಂಗಪುರ ಪುರಸಭೆಯಲ್ಲಿ ಅಧ್ಯಕ್ಷ-ಉಪಾಧ್ಯಕ್ಷರ ಚುನಾವಣೆಯ ದಿನ ಸದಸ್ಯೆಯರನ್ನು ಒಳಗೆ ಹೋಗದಂತೆ ತಡೆದು ಎಳೆದಾಡಿದ ದೃಶ್ಯ ರಾಜ್ಯದ ತುಂಬ ಹರಿದಾಡಿತು. ದಕ್ಷಿಣ ಕೊರಿಯಾದಲ್ಲಿ 2008ರ ಡಿಸೆಂಬರಿನಲ್ಲಿ ಅಮೆರಿಕದೊಂದಿಗಿನ ವ್ಯಾಪಾರ ಒಪ್ಪಂದವನ್ನು ಸಮಿತಿಯಲ್ಲಿ ಮಂಡಿಸಲು ಆಳುವ ಪಕ್ಷದವರು ಒಳಗಿನಿಂದ ಬಾಗಿಲು ಹಾಕಿಕೊಂಡರು. ಹೊರಗುಳಿದ ವಿರೋಧ ಪಕ್ಷದವರು ಸುತ್ತಿಗೆ ತಂದು ಬಾಗಿಲು ಒಡೆದರು. ಎರಡೂ ಕಡೆ ಸಂಗತಿ ಒಂದೇ. ಹಕ್ಕಿದ್ದವರನ್ನು ಬಾಗಿಲ ಹೊರಗೆ ನಿಲ್ಲಿಸಿದರೆ ಆ ಬಾಗಿಲೇ ರಣರಂಗ.

ಸಭೆಗೆ ಏಳು ದಿನ ಮೊದಲು

ಕೆಲಸದ ಮುಕ್ಕಾಲು ಪಾಲು ಇಲ್ಲೇ ಇದೆ. ಸಭೆಯ ದಿನ ಎಷ್ಟೇ ಚುರುಕಾಗಿದ್ದರೂ ಈ ವಾರದಲ್ಲಿ ಬಿಟ್ಟದ್ದನ್ನು ತುಂಬಿಕೊಳ್ಳಲು ಆಗುವುದಿಲ್ಲ.

ಕಾರ್ಯಸೂಚಿ ಕೈಗೆ ತೆಗೆದುಕೊಂಡು ಪ್ರತಿ ವಿಷಯದ ಮುಂದೆ ಮೂರು ಗುರುತು ಹಾಕಿ: ಇದಕ್ಕೆ ಮತ ಬೀಳುತ್ತದೆಯೇ, ಎರಡೂ ಬಣಗಳ ಸಂಖ್ಯೆ ಹತ್ತಿರ ಹತ್ತಿರ ಇದೆಯೇ, ಇವತ್ತು ತಪ್ಪಿದರೆ ಇದು ಮತ್ತೆ ಬರುವುದಿಲ್ಲವೇ. ಮೂರಕ್ಕೂ ಹೌದು ಎಂದಾದರೆ ಅದೇ ಕಿಡಿ. ಬೆಳಗಾವಿಯಲ್ಲಿ ಭಾಷೆಯ ವಿಷಯ, ನಡಾವಳಿಯ ಪ್ರತಿ ಯಾವ ಭಾಷೆಯಲ್ಲಿ ಕೊಡಬೇಕೆಂಬ ತಕರಾರು ಇದಕ್ಕೆ ಸೇರುತ್ತದೆ. ಬೇರೆ ಊರುಗಳಲ್ಲಿ ಸ್ಥಾಯಿ ಸಮಿತಿಯ ಆಯ್ಕೆ, ಗುತ್ತಿಗೆ, ಮಳಿಗೆ ಹರಾಜು. ಅಧ್ಯಕ್ಷ-ಉಪಾಧ್ಯಕ್ಷರ ಚುನಾವಣೆಯಂತೂ ಯಾವ ಊರಲ್ಲೂ ಕಿಡಿಯೇ.

ಕಿಡಿಯಾಗುವ ವಿಷಯವನ್ನು ಕೊನೆಗೆ ಇಡಬೇಡಿ. ಮಧ್ಯಾಹ್ನ ಮೂರರ ಮೇಲೆ ಹೊಟ್ಟೆ ಹಸಿದಿರುತ್ತದೆ, ಮನೆಗೆ ಹೋಗುವ ಆತುರವಿರುತ್ತದೆ, 'ಧ್ವನಿಮತದಲ್ಲಿ ಮುಗಿಸಿಬಿಡಿ' ಎಂದು ಕಿವಿಯಲ್ಲಿ ಹೇಳುವವರು ಇರುತ್ತಾರೆ. ಮೊದಲಿಗೂ ಬೇಡ, ಏಕೆಂದರೆ ತಡವಾಗಿ ಬಂದವರು ತಮ್ಮನ್ನು ಬೇಕೆಂದೇ ಬಿಟ್ಟು ಮುಗಿಸಿದರು ಎನ್ನುತ್ತಾರೆ. ಸಭೆ ಶುರುವಾಗಿ ಒಂದು ಗಂಟೆಯ ನಂತರ, ಇಂತಿಷ್ಟು ಗಂಟೆಗೆ ಎಂದು ಹೊತ್ತು ಬರೆದೇ ಇಡಿ. ಹೊತ್ತು ಗೊತ್ತಿದ್ದರೆ ಗೈರಾದವರು ಜಗಳ ತೆಗೆಯಲು ನೆಪ ಸಿಗುವುದಿಲ್ಲ.

ಊಟದ ಬಿಡುವು ಕಸಿಯಬೇಡಿ. ಸಣ್ಣ ಮಾತೆನಿಸಬಹುದು. 2023ರ ಜುಲೈ 19ರಂದು ವಿಧಾನಸಭೆಯಲ್ಲಿ ಮೊದಲೇ ಪ್ರತಿಭಟನೆ ನಡೆದಿತ್ತು. ಊಟಕ್ಕೆ ಬಿಡದೆ ಕಲಾಪ ಮುಂದುವರಿಸುವ ತೀರ್ಮಾನ ಅದರ ಮೇಲೆ ಬಂತು. ಪೀಠದಲ್ಲಿದ್ದ ಉಪಸಭಾಧ್ಯಕ್ಷ ರುದ್ರಪ್ಪ ಲಮಾಣಿಯವರ ಮೇಲೆ ಹರಿದ ಕಾಗದ ತೂರಿದ್ದಕ್ಕೆ ಹತ್ತು ಶಾಸಕರು ಅಧಿವೇಶನದ ಉಳಿದ ಅವಧಿಗೆ ಅಮಾನತಾದರು. ಕಾದ ಸದನಕ್ಕೆ ಅರ್ಧ ಗಂಟೆಯ ಬಿಡುವೇ ಅಗ್ಗದ ಔಷಧ.

ಎರಡೂ ಬಣದ ಮುಖಂಡರನ್ನು ನಿಮ್ಮ ಕೊಠಡಿಗೆ ಕರೆದು ಚಹಾ ಕೊಟ್ಟು ಮೂರು ಸಂಗತಿ ಗೊತ್ತುಮಾಡಿಕೊಳ್ಳಿ: ಯಾರು ಯಾರು ಮಾತಾಡುತ್ತಾರೆ, ಎಷ್ಟು ನಿಮಿಷ, ಮತ ಹೇಗೆ ಹಾಕಿಸುವುದು. ವಿಧಾನಮಂಡಲದಲ್ಲಿ ಕಲಾಪ ಸಲಹಾ ಸಮಿತಿ ಇರುವುದು ಇದಕ್ಕೇ. ಪಾಲಿಕೆಯಲ್ಲಿ ಅಂಥದೊಂದು ಇಲ್ಲದಿದ್ದರೂ ಮಾತುಕತೆಗೆ ಯಾರ ಅಡ್ಡಿಯೂ ಇಲ್ಲ. ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರ ಸಹಿ ಹಾಕಿಸಿಕೊಳ್ಳಿ. ಸಭೆಯಲ್ಲಿ ಗದ್ದಲವೆದ್ದಾಗ ಆ ಹಾಳೆಯನ್ನು ಎತ್ತಿ ತೋರಿಸಿದರೆ ಮುಖಂಡರೇ ತಮ್ಮವರನ್ನು ಕೂರಿಸುತ್ತಾರೆ.

ಇನ್ನೊಂದು ಪ್ರಶ್ನೆಯನ್ನು ಬರಹದಲ್ಲಿ ಇತ್ಯರ್ಥ ಮಾಡಿ: ಪೀಠದಲ್ಲಿ ಯಾರು? ನಿಮ್ಮ ವಿರುದ್ಧವೇ ಅವಿಶ್ವಾಸವಿದ್ದರೆ ನೀವು ಕೂರಬಹುದೇ? ನೀವು ಎದ್ದುಹೋದರೆ ಮುಂದಿನವರಾರು? ಕರ್ನಾಟಕ ಪೌರ ನಿಗಮಗಳ ಅಧಿನಿಯಮ 1976, ಕರ್ನಾಟಕ ಪುರಸಭೆಗಳ ಅಧಿನಿಯಮ 1964, ಇವೆರಡರಲ್ಲಿ ನಿಮಗೆ ಸಂಬಂಧಪಟ್ಟದ್ದನ್ನು ಓದಿ, ಆ ಪುಟದ ಜೆರಾಕ್ಸ್ ಮೇಜಿನ ಮೇಲಿರಲಿ. ಸದಸ್ಯರನ್ನು ಹೊರಕಳಿಸುವ ಅಧಿಕಾರ ನಿಮಗೆಷ್ಟಿದೆ ಎಂಬುದೂ ಅದೇ ಪುಟಗಳಲ್ಲಿ ಸಿಗುತ್ತದೆ. ವಿಧಾನಸಭೆಯ ನಿಯಮ ನಿಮ್ಮ ಸಭೆಗೆ ತಾನಾಗಿಯೇ ಅನ್ವಯಿಸುವುದಿಲ್ಲ. ಟೀವಿಯಲ್ಲಿ ನೋಡಿದ್ದನ್ನು ಇಲ್ಲಿ ಮಾಡಲು ಹೋದ ಅಧ್ಯಕ್ಷರ ಆದೇಶ ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಸಭಾಂಗಣದ ತಯಾರಿ

ಹಿಂದಿನ ಸಂಜೆ ಕಾರ್ಯದರ್ಶಿಯ ಜೊತೆ ಸಭಾಂಗಣದಲ್ಲಿ ಅರ್ಧ ತಾಸು ಓಡಾಡಿ.

ವೇದಿಕೆ ನೆಲದಿಂದ ಎರಡು ಅಡಿಯಾದರೂ ಎತ್ತರವಿರಲಿ, ಮೆಟ್ಟಿಲು ಒಂದೇ ಬದಿಗಿರಲಿ. ಎರಡೂ ಬದಿಗೆ ಮೆಟ್ಟಿಲಿದ್ದರೆ ಒಂದನ್ನು ಮೇಜು ಇಟ್ಟು ಮುಚ್ಚಿ. ಪೀಠದ ಹಿಂದೆ ಅಧ್ಯಕ್ಷರು ಎದ್ದುಹೋಗಲು ಪ್ರತ್ಯೇಕ ಬಾಗಿಲು ಬೇಕು. ಅದಿಲ್ಲದ ಸಭಾಂಗಣದಲ್ಲಿ ಸಭೆ ಮುಂದೂಡಿದ ಅಧ್ಯಕ್ಷರು ಸಿಟ್ಟಿನಲ್ಲಿರುವ ಗುಂಪಿನ ನಡುವೆಯೇ ಹಾದುಹೋಗಬೇಕು, ಪೆಟ್ಟು ಬೀಳುವುದು ಆಗಲೇ. ವೇದಿಕೆಗೂ ಮೊದಲ ಸಾಲಿಗೂ ನಡುವೆ ಹತ್ತು-ಹನ್ನೆರಡು ಅಡಿ ಬಿಡಿ. ಸದನದ ಬಾವಿ ಎನ್ನುವುದು ಇದನ್ನೇ. ಅಲ್ಲಿಗೆ ಇಳಿದು ಘೋಷಣೆ ಕೂಗುವುದು ನಮ್ಮ ಸದನಗಳಲ್ಲಿ ರೂಢಿಯಾಗಿಹೋಗಿದೆ. ಇಳಿದವರಿಗೆ ನಿಲ್ಲಲು ಜಾಗವಿದ್ದರೆ ನಿಂತು ಕೂಗುತ್ತಾರೆ, ಜಾಗವಿಲ್ಲದಿದ್ದರೆ ವೇದಿಕೆ ಹತ್ತುತ್ತಾರೆ.

ಎದುರಾಳಿ ಬಣಗಳನ್ನು ಎದುರು-ಬದುರು ಕೂರಿಸಿದ್ದರೆ ನಡುವಿನ ಅಂತರ ತೋಳು ಚಾಚಿದರೆ ಮುಟ್ಟದಷ್ಟು ಇರಲೇಬೇಕು. 58 ವಾರ್ಡುಗಳ ಬೆಳಗಾವಿ ಪಾಲಿಕೆಯಂಥ ದೊಡ್ಡ ಸಭೆಯಲ್ಲಿ ಸಾಲುಗಳ ನಡುವಿನ ಓಣಿಯಲ್ಲಿ ಹೆಚ್ಚುವರಿ ಕುರ್ಚಿ ಹಾಕುವ ಆಸೆ ಬರುತ್ತದೆ. ಹಾಕಬೇಡಿ. ಬಿಡಿಸಲು ಬರುವವರಿಗೆ ದಾರಿ ಬೇಕು.

ಎಸೆಯಲು ಸಿಗುವುದನ್ನೆಲ್ಲ ತೆಗೆಸಿ. ಸ್ಟೀಲಿನ ಲೋಟ, ಗಾಜಿನ ಬಾಟಲಿ, ಹೂದಾನಿ, ಹೆಸರಿನ ಮರದ ಫಲಕ, ಕಾಗದದ ಮೇಲಿಡುವ ಗುಂಡು ಯಾವುದೂ ಬೇಡ. ನೀರಿಗೆ ಕಾಗದದ ಲೋಟ ಸಾಕು. ಪ್ಲಾಸ್ಟಿಕ್ ಕುರ್ಚಿ ಎತ್ತಲು ಹಗುರ, ಹಾಗಾಗಿ ಒಂದೊಂದು ಸಾಲನ್ನು ಕಾಲಿಗೆ ಕಾಲು ಸೇರಿಸಿ ಕಟ್ಟಿಸಿ. ಮೈಕಿನ ಸ್ಟ್ಯಾಂಡು ಮೇಜಿಗೆ ಸ್ಕ್ರೂ ಹಾಕಿ ಕೂರಿಸಿದ್ದಾಗಿರಲಿ. ಕೈಯಲ್ಲಿ ಹಿಡಿಯುವ ವೈರ್‌ಲೆಸ್ ಮೈಕು ಒಂದೇ ಇದ್ದರೆ ಅದನ್ನು ಕಸಿಯುವುದೇ ಮೊದಲ ತಳ್ಳಾಟವಾಗುತ್ತದೆ. ಪ್ರತಿ ಸಾಲಿಗೆ ಒಂದಾದರೂ ಮೈಕು ಕೊಟ್ಟು, ಎಲ್ಲವನ್ನೂ ಆನ್-ಆಫ್ ಮಾಡುವ ಗುಂಡಿ ಆಪರೇಟರ್ ಬಳಿ ಇರಲಿ. ಆಪರೇಟರ್‌ಗೆ ಒಂದೇ ಸೂಚನೆ: ಅಧ್ಯಕ್ಷರು ಹೆಸರು ಹೇಳಿದವರ ಮೈಕು ಮಾತ್ರ ಆನ್. ವಿರೋಧ ಬಣದವರ ಮೈಕನ್ನು ಮಾತಿನ ನಡುವೆ ಆಫ್ ಮಾಡಿದ ಕೂಡಲೇ ಅವರು ಪೀಠದ ಮೈಕಿಗೆ ಬರುತ್ತಾರೆಂಬುದು ನೆನಪಿರಲಿ. ಹೊತ್ತು ಮುಗಿದಿದ್ದರೆ ಮೊದಲು ಗಂಟೆ, ಅರ್ಧ ನಿಮಿಷ ಬಿಟ್ಟು ಎರಡನೇ ಗಂಟೆ, ಆಮೇಲೆ ಆಫ್.

ಠರಾವಿನ ಮೂಲಪ್ರತಿ ಮೇಜಿನ ಮೇಲೆ ಬೇಡ. ಮೂರು ಪ್ರತಿ ಮಾಡಿಸಿ ಒಂದನ್ನು ಕಾರ್ಯದರ್ಶಿಯ ಕಪಾಟಿನಲ್ಲಿ ಬೀಗ ಹಾಕಿಡಿ. ಹರಿದರೆ ಎರಡನೆಯದು ಓದಬಹುದು, ಹರಿದವರಿಗೂ ಅದರಿಂದ ಏನೂ ದಕ್ಕುವುದಿಲ್ಲ.

ಎರಡು ಕ್ಯಾಮೆರಾ ಇರಲಿ: ಒಂದು ಪೀಠದ ಹಿಂದಿನಿಂದ ಸದಸ್ಯರ ಕಡೆಗೆ, ಇನ್ನೊಂದು ಎದುರಿನಿಂದ ಪೀಠದ ಕಡೆಗೆ. ಒಂದೇ ಕ್ಯಾಮೆರಾದ ದೃಶ್ಯದಲ್ಲಿ ಮೊದಲು ಕೈ ಎತ್ತಿದವರು ಬೆನ್ನು ತೋರಿಸಿಕೊಂಡಿರುತ್ತಾರೆ, ಮುಖ ಕಾಣುವುದು ತಿರುಗಿ ಹೊಡೆದವರದು ಮಾತ್ರ. ಸಭೆ ಮುಂದೂಡಿದ ಮೇಲೂ ಹಾಲ್ ಖಾಲಿಯಾಗುವವರೆಗೆ ರೆಕಾರ್ಡಿಂಗ್ ನಿಲ್ಲಬಾರದು. ಇದರ ಬೆಲೆ ಏನೆಂದು ಬೆಳಗಾವಿಗೇ ಚೆನ್ನಾಗಿ ಗೊತ್ತು. 2024ರ ಡಿಸೆಂಬರ್ 19ರಂದು ಸುವರ್ಣ ವಿಧಾನಸೌಧದ ಪರಿಷತ್ ಸಭಾಂಗಣದಲ್ಲಿ ಕಲಾಪ ಮುಂದೂಡಿದ ಹೊತ್ತಿನಲ್ಲಿ ಸಚಿವೆಯೊಬ್ಬರಿಗೆ ಅಶ್ಲೀಲ ಪದ ಬಳಸಿದರೆಂಬ ಆರೋಪ ಬಂತು, ಆರೋಪ ಹೊತ್ತ ಸದಸ್ಯರು ಅದನ್ನು ನಿರಾಕರಿಸಿದರು. ಮಾತು ಸದನದ ಕಡತದಲ್ಲಿದೆಯೇ, ಸದನದ ಒಳಗಿನದನ್ನು ಪೊಲೀಸರು ತನಿಖೆ ಮಾಡಬಹುದೇ ಎಂಬುದೇ ಮುಂದೆ ದೊಡ್ಡ ವಿವಾದವಾಗಿ ಹೈಕೋರ್ಟ್ ಮೆಟ್ಟಿಲೇರಿತು. ಸಭೆ ನಿಂತ ಮೊದಲ ಹತ್ತು ನಿಮಿಷಕ್ಕೆ ಯಾರೂ ಯಜಮಾನರಿರುವುದಿಲ್ಲ. ಆ ಹತ್ತು ನಿಮಿಷಕ್ಕೆ ಒಬ್ಬ ಅಧಿಕಾರಿಯನ್ನು ಹೆಸರು ಹಿಡಿದು ನೇಮಿಸಿ.

ದನಿ ಏರತೊಡಗಿದಾಗ

ಇಲ್ಲಿಂದ ಮುಂದಿನದು ನಿಮಿಷಗಳ ಲೆಕ್ಕ. ಈ ಅನುಕ್ರಮ ತಪ್ಪಿಸಬೇಡಿ.

1. ಇಬ್ಬರು ಒಬ್ಬರನ್ನೊಬ್ಬರು ನೋಡಿ ಮಾತಾಡತೊಡಗಿದರೆ ತಕ್ಷಣ ತಡೆಯಿರಿ. ಸದನದಲ್ಲಿ ಮಾತು ಪೀಠಕ್ಕೆ ಹೇಳುವುದೇ ಹೊರತು ಎದುರಿನವರಿಗಲ್ಲ. ಕಣ್ಣು ಪೀಠದ ಕಡೆ ತಿರುಗಿದರೆ ಅರ್ಧ ಬಿಸಿ ಇಳಿಯುತ್ತದೆ.

2. ಹೆಸರು ಹಿಡಿದು ಕರೆಯಿರಿ. 'ಶಾಂತಿ, ಶಾಂತಿ, ಎಲ್ಲರೂ ಕೂತುಕೊಳ್ಳಿ' ಎಂದರೆ ಯಾರಿಗೂ ಹೇಳಿದಂತಲ್ಲ. ನಮ್ಮ ಕಡೆ ಕೆಲಸಕ್ಕೆ ಬರುವ ಮಾತು ಹೀಗಿರುತ್ತದೆ: 'ಪಾಟೀಲ್ರ, ಕೂಡ್ರಿ ಮೊದ್ಲ. ಮುಂದಿನ ಮಾತು ನಿಮ್ಮದೇ ಐತಿ, ಐದು ನಿಮಿಷ ಕೊಡತೀನಿ.' ಹಿರಿಯ ಸದಸ್ಯೆಗೆ 'ಅಕ್ಕಾರ, ನೀವು ಕುಂತ್ರ ಅವ್ರೂ ಕುಂದ್ರತಾರ' ಎಂದರೆ ನಡೆಯುತ್ತದೆ. ಮರಾಠಿ ಮನೆಮಾತಿನವರಿಗೆ 'ದಾದಾ, ಬಸಾ' ಎಂದು ಅವರ ಮಾತಿನಲ್ಲೇ ಹೇಳಿದರೆ ಪೀಠದ ಗೌರವ ಕಡಿಮೆಯಾಗುವುದಿಲ್ಲ. ಭರವಸೆ ಕೊಟ್ಟ ಐದು ನಿಮಿಷವನ್ನು ಕೊಡಲೇಬೇಕು. ಒಮ್ಮೆ ತಪ್ಪಿದರೆ ಮುಂದಿನ ಸಲ ಯಾರೂ ಕೂರುವುದಿಲ್ಲ.

3. ಇದು ಫಲ ಕೊಡದಿದ್ದರೆ ನೀವು ಎದ್ದು ನಿಲ್ಲಿ. ಅಧ್ಯಕ್ಷರು ಎದ್ದರೆ ಸದಸ್ಯರು ಕೂರಬೇಕೆಂಬುದು ಶಾಸನಸಭೆಗಳ ಹಳೆಯ ಕಟ್ಟಳೆ. ದನಿ ಏರಿಸಬೇಡಿ, ಎದ್ದು ಸುಮ್ಮನೆ ನಿಂತಿರಿ. ಪದೇ ಪದೇ ಎದ್ದರೆ ಇದರ ಬಲ ಹೋಗುತ್ತದೆ, ಆದ್ದರಿಂದ ಒಂದು ಸಭೆಗೆ ಒಂದೇ ಸಲ.

4. ಯಾರಾದರೂ ಆಸನ ಬಿಟ್ಟು ಎದುರು ಬಣದ ಸಾಲಿನ ಕಡೆ ನಡೆದರೆ ಎಚ್ಚರಿಕೆಗೂ ಕಾಯಬೇಡಿ, ಸಭೆ ಮುಂದೂಡಿ. ಬಾವಿಗಿಳಿದು ಪೀಠದ ಮುಂದೆ ಘೋಷಣೆ ಕೂಗುವುದು ಬೇರೆ, ಎದುರು ಸಾಲಿಗೆ ನುಗ್ಗುವುದು ಬೇರೆ. ಮೊದಲನೆಯದನ್ನು ಹತ್ತು ನಿಮಿಷ ಸಹಿಸಬಹುದು. 2024ರ ಜೂನ್ 12ರಂದು ಇಟಲಿಯ ಸಂಸತ್ತಿನಲ್ಲಿ ಲಿಯೊನಾರ್ಡೊ ಡೊನ್ನೊ ಎಂಬ ಸದಸ್ಯ ಸಚಿವ ಕಾಲ್ದೆರೋಲಿಯವರಿಗೆ ರಾಷ್ಟ್ರಧ್ವಜ ತೊಡಿಸಲು ಅವರ ಆಸನದ ಬಳಿಗೇ ನಡೆದರು. ಕ್ಷಣಗಳಲ್ಲೇ ಆಳುವ ಪಕ್ಷದವರು ಮುಗಿಬಿದ್ದು, ಕೊನೆಗೆ ಅವರನ್ನು ಗಾಲಿಕುರ್ಚಿಯಲ್ಲಿ ಹೊರಗೆ ಒಯ್ಯಬೇಕಾಯಿತು.

5. ಮುಂದೂಡುವಾಗ ಎಷ್ಟು ಹೊತ್ತಿಗೆ ಎಂದು ಹೇಳಿಯೇ ಎದ್ದೇಳಿ. ಹತ್ತು ನಿಮಿಷ ಸಾಲದು. ಸದಸ್ಯರು ಹಾಲ್‌ನಲ್ಲೇ ಉಳಿದು ಜಗಳ ಮುಂದುವರಿಸುತ್ತಾರೆ. ಅರ್ಧ ಗಂಟೆ ಸರಿಯಾದ ಅಳತೆ: ಹೊರಗೆ ಹೋಗಬೇಕು, ಚಹಾ ಕುಡಿಯಬೇಕು, ಮುಖಂಡರು ನಿಮ್ಮ ಕೊಠಡಿಗೆ ಬರಬೇಕು. ಮತ್ತೆ ಸೇರಿದಾಗಲೂ ಅದೇ ಆದರೆ ದಿನದ ಮಟ್ಟಿಗೆ ಮುಗಿಸಿ.

ಮುಖ್ಯವಾದ ಇನ್ನೊಂದು ಮಾತು. ಗದ್ದಲದ ನಡುವೆ ಧ್ವನಿಮತದಲ್ಲಿ ಏನನ್ನೂ ಅಂಗೀಕರಿಸಬೇಡಿ. ಸುಲಭದ ದಾರಿಯಂತೆ ಕಾಣುವುದು ನಿಜ. ಆದರೆ ಯಾರ ದನಿ ಹೆಚ್ಚೆಂದು ಆಗ ಯಾರಿಗೂ ತಿಳಿಯದು. ಅದಕ್ಕಿಂತ ಕೆಟ್ಟದ್ದು, ಪೀಠ ಮುಟ್ಟಿದರಷ್ಟೇ ತಡೆಯಬಹುದು ಎಂಬ ಪಾಠವನ್ನು ಸೋತ ಬಣಕ್ಕೆ ನೀವೇ ಕಲಿಸಿದಂತಾಗುತ್ತದೆ. ತಲೆ ಎಣಿಸಿ, ಹೆಸರು ಕೂಗಿ ಮತ ಹಾಕಿಸಿ. ದಕ್ಷಿಣ ಕೊರಿಯಾದಲ್ಲಿ ವರ್ಷಗಟ್ಟಲೆ ಹೊಡೆದಾಟ ಕಂಡ ಮೇಲೆ, 2011ರ ನವೆಂಬರಿನಲ್ಲಿ ಸದಸ್ಯರೊಬ್ಬರು ಸದನದೊಳಗೇ ಅಶ್ರುವಾಯು ಸಿಡಿಸಿದ ಮೇಲೆ, 2012ರಲ್ಲಿ ಕಾನೂನನ್ನೇ ತಿದ್ದಿದರು. ಸ್ಪೀಕರ್ ತಮ್ಮಿಷ್ಟಕ್ಕೆ ಮಸೂದೆಯನ್ನು ನೇರ ಮತಕ್ಕೆ ತರುವುದಕ್ಕೆ ಕಡಿವಾಣ ಹಾಕಿದರು, ತ್ವರಿತ ಹಾದಿಗೆ ಐದರಲ್ಲಿ ಮೂರು ಪಾಲು ಬೆಂಬಲ ಬೇಕೆಂದರು. ಹೊಡೆದಾಟ ಬಹಳ ಕಡಿಮೆಯಾಯಿತು. 2019ರ ಏಪ್ರಿಲಿನಲ್ಲಿ ಮತ್ತೆ ದೊಡ್ಡ ತಳ್ಳಾಟ ನಡೆದಾಗ ಜಗಳ ಅದೇ ತ್ವರಿತ ಹಾದಿಯ ಬಾಗಿಲಲ್ಲಿತ್ತು.

ಮಾರ್ಷಲ್‌ಗಳು

ವಿಧಾನಮಂಡಲದಲ್ಲಿ ಮಾರ್ಷಲ್‌ಗಳು ಪೀಠದ ಆದೇಶದಂತೆ ನಡೆಯುವವರು, ಸರ್ಕಾರದ ಆದೇಶದಂತೆ ಅಲ್ಲ. ಪಾಲಿಕೆಯಲ್ಲಿ ಅಂಥ ಪಡೆ ಇರುವುದಿಲ್ಲವಾದ್ದರಿಂದ ಸಿಬ್ಬಂದಿಯಲ್ಲೇ ಗಟ್ಟಿಮುಟ್ಟಾದ ಎಂಟು ಜನರನ್ನು, ಅವರಲ್ಲಿ ಕನಿಷ್ಠ ಮೂವರು ಮಹಿಳೆಯರಿರುವಂತೆ, ಆರಿಸಿ ಹಿಂದಿನ ದಿನವೇ ಕೆಲಸ ಹೇಳಿಕೊಡಿ. ಪೊಲೀಸರು ಹೊರ ಬಾಗಿಲಲ್ಲಿರಲಿ, ಒಳಗೆ ಬರುವುದು ನಿಮ್ಮ ಲಿಖಿತ ಕೋರಿಕೆಯ ಮೇಲೆ ಮಾತ್ರ. ಖಾಕಿ ಒಳಗೆ ಬಂದೊಡನೆ ಜಗಳದ ವಿಷಯವೇ ಬದಲಾಗಿ ಪೊಲೀಸ್ ದೌರ್ಜನ್ಯ ಎಂಬ ಹೊಸ ಅಧ್ಯಾಯ ಶುರುವಾಗುತ್ತದೆ.

ಅವರು ಮಾಡುವ ಮೊದಲ ಕೆಲಸ ಗೋಡೆಯಾಗುವುದು. ಇಬ್ಬರ ನಡುವೆ ನಾಲ್ವರು ಭುಜಕ್ಕೆ ಭುಜ ಕೊಟ್ಟು ನಿಲ್ಲಬೇಕು, ಅಂಗೈ ತೆರೆದು ಎದೆ ಮಟ್ಟದಲ್ಲಿರಬೇಕು. ಮುಷ್ಟಿ ಕಟ್ಟಿದ ಮಾರ್ಷಲ್‌ನ ಒಂದು ಫೋಟೊ ಇಡೀ ಸಭೆಯ ಕಥೆಯನ್ನು ತಿರುಗಿಸಿಬಿಡುತ್ತದೆ. ಎರಡೂ ಕಡೆಯವರನ್ನು ಒಂದೇ ಸಮಯಕ್ಕೆ ಹಿಂದೆ ಸರಿಸಬೇಕು. ಒಬ್ಬರನ್ನು ಮಾತ್ರ ಹಿಡಿದುಕೊಂಡರೆ ಕೈ ಕಟ್ಟಿದವರಿಗೆ ಎದುರಿನವರು ಹೊಡೆದು ಹೋಗುತ್ತಾರೆ, ಬಿಡಿಸುವವರು ಮಾಡುವ ದೊಡ್ಡ ತಪ್ಪು ಇದೇ.

ಎತ್ತಿ ಹೊರಗೊಯ್ಯಲೇಬೇಕಾದರೆ ಒಬ್ಬರಿಗೆ ನಾಲ್ವರು: ಇಬ್ಬರು ಕಂಕುಳ ಕೆಳಗೆ, ಇಬ್ಬರು ಮೊಣಕಾಲ ಕೆಳಗೆ. ಕೊರಳು, ಕಾಲರ್, ಶಾಲು, ಸೆರಗು ಹಿಡಿಯಬಾರದು. ಕನ್ನಡಕ ಮೊದಲೇ ತೆಗೆದಿಡಬೇಕು. ಸದಸ್ಯೆಯರನ್ನು ಮುಟ್ಟುವುದು ಮಹಿಳಾ ಸಿಬ್ಬಂದಿ ಮಾತ್ರ. ಒಯ್ಯುವ ಮೊದಲು ಪೀಠದಿಂದ ಆದೇಶ ಕೇಳಿಸುವಂತೆ ಬರಬೇಕು, ಅದು ನಡಾವಳಿಯಲ್ಲಿ ದಾಖಲಾಗಬೇಕು. ನಮ್ಮ ಸದಸ್ಯರಲ್ಲಿ ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರು ಸಾಕಷ್ಟಿದ್ದಾರೆ. ಕೆಳಗೆ ಬಿದ್ದವರನ್ನು ಎಬ್ಬಿಸುವ ಅವಸರ ಬೇಡ. ತಲೆಗೆ ಪೆಟ್ಟಾಗಿದ್ದರೆ ಅಲುಗಿಸದೆ 108ಕ್ಕೆ ಕರೆ ಮಾಡಿ.

2014ರ ಫೆಬ್ರುವರಿ 13ರಂದು ತೆಲಂಗಾಣ ಮಸೂದೆ ಮಂಡನೆಯ ವೇಳೆ ಲೋಕಸಭೆಯಲ್ಲಿ ಸದಸ್ಯರೊಬ್ಬರು ಖಾರದ ಸ್ಪ್ರೇ ಸಿಂಪಡಿಸಿದರು, ಹಲವರನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಅಂಥದ್ದಾದರೆ ಎಲ್ಲ ಬಾಗಿಲು-ಕಿಟಕಿ ತೆರೆದು ಜನರನ್ನು ಬಯಲಿಗೆ ಕರೆದೊಯ್ಯಿರಿ. ಕಣ್ಣು ಉಜ್ಜಲು ಬಿಡಬೇಡಿ, ಹದಿನೈದು ನಿಮಿಷ ಸ್ವಚ್ಛ ನೀರಿನಿಂದ ತೊಳೆಸಿ. ಉಸಿರು ಕಟ್ಟುವ ಆಸ್ತಮಾ ರೋಗಿಗಳನ್ನು ಮೊದಲು ಕಳಿಸಿ. ಅದಕ್ಕಾಗಿಯೇ ಹಾಲ್ ಹೊರಗೆ ಇಪ್ಪತ್ತು ಲೀಟರಿನ ಎರಡು ನೀರಿನ ಕ್ಯಾನ್ ಇಟ್ಟಿರಬೇಕು.

ಆಮೇಲಿನ ಶಿಕ್ಷೆ

ಸಿಟ್ಟಿನಲ್ಲಿ ಬರೆದ ಅಮಾನತಿನ ಆದೇಶ ಉಳಿಯುವುದಿಲ್ಲ. ಮಹಾರಾಷ್ಟ್ರ ವಿಧಾನಸಭೆ 2021ರ ಜುಲೈ 5ರಂದು 12 ಶಾಸಕರನ್ನು ಒಂದು ವರ್ಷಕ್ಕೆ ಅಮಾನತು ಮಾಡಿತ್ತು. 2022ರ ಜನವರಿ 28ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಅಮಾನತು ಸದನದ ಶಿಸ್ತಿಗಾಗಿಯೇ ಇರುವುದು, ಆದ್ದರಿಂದ ಅದೇ ಅಧಿವೇಶನಕ್ಕೆ ಮೀರಿ ಹೋಗುವಂತಿಲ್ಲ ಎಂಬುದು ತೀರ್ಪಿನ ತಿರುಳು. ಒಂದು ವರ್ಷ ಹೊರಗಿಟ್ಟರೆ ಆ ಕ್ಷೇತ್ರದ ಮತದಾರರಿಗೆ ಪ್ರತಿನಿಧಿಯೇ ಇಲ್ಲದಂತಾಗುತ್ತದೆ, ಉಚ್ಚಾಟನೆಯಾದರೆ ಉಪಚುನಾವಣೆಯಾದರೂ ಬರುತ್ತಿತ್ತು. ಲೋಕಸಭೆಯ 374ಎ ನಿಯಮವೂ ಗಂಭೀರ ಅಶಿಸ್ತಿಗೆ ಸತತ ಐದು ಕಲಾಪ ದಿನ ಅಥವಾ ಅಧಿವೇಶನದ ಉಳಿದ ಅವಧಿ, ಇವೆರಡರಲ್ಲಿ ಕಡಿಮೆ ಯಾವುದೋ ಅಷ್ಟಕ್ಕೇ ನಿಲ್ಲುತ್ತದೆ. ಕರ್ನಾಟಕದಲ್ಲಿ 2025ರ ಮಾರ್ಚ್ 21ರಂದು ಪೀಠಕ್ಕೆ ಅಗೌರವ ತೋರಿದರೆಂದು 18 ಶಾಸಕರನ್ನು ಆರು ತಿಂಗಳಿಗೆ ಅಮಾನತು ಮಾಡಿ, ಮೇ 25ರಂದು ಹಿಂಪಡೆಯಲಾಯಿತು. ಶಿಕ್ಷೆ ಚಿಕ್ಕದಿದ್ದು ತಪ್ಪದೆ ಜಾರಿಯಾಗುವುದು ದೊಡ್ಡದಿದ್ದು ಅರ್ಧಕ್ಕೆ ನಿಲ್ಲುವುದಕ್ಕಿಂತ ಮೇಲು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಆದೇಶದಲ್ಲಿ ಇಷ್ಟು ಇರಲಿ: ಸದಸ್ಯರ ಹೆಸರು, ಗಂಟೆ-ನಿಮಿಷ, ಅವರು ಮಾಡಿದ್ದೇನು (ಬೈದದ್ದು, ತಳ್ಳಿದ್ದು, ಎಸೆದದ್ದು ಬೇರೆ ಬೇರೆಯಾಗಿ), ಎಷ್ಟು ಸಲ ಎಚ್ಚರಿಸಿದಿರಿ, ಯಾವ ನಿಯಮ, ಎಲ್ಲಿಯವರೆಗೆ. ಎರಡೂ ಬಣದಲ್ಲಿ ಕೈ ಎತ್ತಿದವರಿದ್ದರೆ ಎರಡೂ ಕಡೆಯ ಹೆಸರು ಬರಲೇಬೇಕು. ಆಳುವ ಬಣದವರನ್ನು ಬಿಟ್ಟರೆ ಪೀಠದ ಮಾತಿಗೆ ಮುಂದೆ ಕಿಮ್ಮತ್ತಿರುವುದಿಲ್ಲ.

ಸದನದ ಒಳಗೆ ಮಾಡಿದ್ದಕ್ಕೆ ಕೇಸು ಇಲ್ಲ ಎಂಬ ನಂಬಿಕೆ ಬಹಳ ಜನರಲ್ಲಿದೆ. ಸಂವಿಧಾನದ 194ನೇ ವಿಧಿ ಶಾಸಕರ ಮಾತು ಮತ್ತು ಮತಕ್ಕೆ ರಕ್ಷಣೆ ಕೊಡುತ್ತದೆ. ಕುರ್ಚಿ ಒಡೆಯುವುದು ಮಾತೂ ಅಲ್ಲ, ಮತವೂ ಅಲ್ಲ. ಮೇಲೆ ಹೇಳಿದ ಕೇರಳದ ಗಲಾಟೆಯಲ್ಲಿ 2,20,093 ರೂಪಾಯಿ ನಷ್ಟವಾಗಿತ್ತು. ಆ ಮೊಕದ್ದಮೆ ಹಿಂಪಡೆಯಲು ಸರ್ಕಾರ ಹೊರಟಾಗ ಸುಪ್ರೀಂ ಕೋರ್ಟ್ 2021ರ ಜುಲೈ 28ರಂದು ಒಪ್ಪಲಿಲ್ಲ. ಪಾಲಿಕೆ, ಪುರಸಭೆಯ ಸದಸ್ಯರಿಗಂತೂ 194ರ ರಕ್ಷಣೆಯೂ ಇಲ್ಲ. ಪೆಟ್ಟು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 115(2), ಕರ್ತವ್ಯದಲ್ಲಿದ್ದ ಅಧಿಕಾರಿಯ ಮೇಲೆ ಕೈ ಮಾಡಿದರೆ 132 ಬೀಳುತ್ತದೆ. ಇದನ್ನು ಹೊಸ ಸದಸ್ಯರ ತರಬೇತಿಯಲ್ಲೇ ಹೇಳಿಬಿಡಿ.

ಅದೇ ಸಂಜೆ ಮಾಡಬೇಕಾದ್ದು: ಎರಡೂ ಕ್ಯಾಮೆರಾದ ಮೂಲ ಕಡತವನ್ನು ಎರಡು ಪ್ರತಿ ಮಾಡಿ ಸೀಲ್ ಮಾಡಿಸಿ. ಒಡೆದ ವಸ್ತುಗಳ ಪಟ್ಟಿಯನ್ನು ಬೆಲೆ ಸಮೇತ ಎಂಜಿನಿಯರ್ ಸಹಿಯೊಂದಿಗೆ ತಯಾರಿಸಿ, ಅಲ್ಲಿಯವರೆಗೆ ಹಾಲ್ ಗುಡಿಸಲು ಬಿಡಬೇಡಿ. ಗಾಯಗೊಂಡವರ ವೈದ್ಯಕೀಯ ದಾಖಲೆ ಅಂದೇ ಆಗಬೇಕು, ಮರುದಿನದ ಸರ್ಟಿಫಿಕೇಟಿಗೆ ಕೋರ್ಟಿನಲ್ಲಿ ಅಷ್ಟು ತೂಕವಿಲ್ಲ. ಅಸಂಸದೀಯ ಪದಗಳನ್ನು ಕಡತದಿಂದ ತೆಗೆಸಬಹುದು. ಹೊಡೆದಾಟ ನಡೆದದ್ದನ್ನು ಮಾತ್ರ ತೆಗೆಸಬೇಡಿ. 'ಗದ್ದಲ ಉಂಟಾದ ಪ್ರಯುಕ್ತ ಸಭೆ ಮುಂದೂಡಲಾಯಿತು' ಎಂಬ ಒಂದೇ ಸಾಲಿನ ನಡಾವಳಿ ನಾಳೆ ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ.

ಮುಂದಿನ ಸಭೆಯನ್ನು ವಾರದೊಳಗೆ ಕರೆಯಿರಿ, ಅರ್ಧಕ್ಕೆ ನಿಂತ ವಿಷಯವೇ ಅದರ ಕಾರ್ಯಸೂಚಿಯಲ್ಲಿರಲಿ. ತಿಂಗಳು ಬಿಟ್ಟರೆ ಎರಡೂ ಬಣ ಹೊರಗಿನಿಂದ ಜನ ಕೂಡಿಸಿಕೊಂಡು ಬರುತ್ತವೆ. ಸಭೆಗೆ ಮೊದಲು ಇಬ್ಬರು ಮುಖಂಡರನ್ನು ಮತ್ತೆ ಕೊಠಡಿಗೆ ಕರೆದು ಹಿಂದಿನ ಸಲದ ವಿಡಿಯೊವನ್ನು ಕೂತು ಪೂರ್ತಿ ತೋರಿಸಿ, ಯಾರು ಮೊದಲೆಂಬ ವಾದ ಅಲ್ಲೇ ಮುಗಿಯಲಿ. ಒಳಗೆ ಬಂದ ಮೇಲೆ ಮಾತಿನ ಮೊದಲ ಅವಕಾಶವನ್ನು ಹಿಂದಿನ ಸಲ ಮಾತು ಅರ್ಧಕ್ಕೆ ನಿಂತವರಿಗೆ ಕೊಡಿ, ಗಡಿಯಾರ ನೋಡಿ ಐದು ನಿಮಿಷ, ಆಮೇಲೆ ಎದುರು ಬಣಕ್ಕೆ ಅಷ್ಟೇ ಐದು, ಅದಾದ ಕೂಡಲೇ ಹೆಸರು ಕೂಗಿ ಮತಕ್ಕೆ ಹಾಕಿ.